ಸಪ್ಪಳ ಮಾಡದ ಚೀಲ

ಹದಿನಾಲ್ಕುನೂರು ಇತ್ತು ಕೈಯಾಗ.
ಬಸ್ಸು ಪುಕ್ಕಟೆ, ಹೆಣ್ಣಾಗಿ ಹುಟ್ಟಿದ್ದಕ್ಕ;
ಸುರಪುರದಿಂದ ಯಾದಗಿರಿ ತನಕ ನಿಂತೇ ಬಂದೆ.
ಗುಡ್ಡದಾಗ ಆರು ದಿನ ತ್ವಾಳದ ಜಾಡು ಹಿಡಿಯೂ ಕೆಲಸ.
ಕೆಲಸ ಕೊಟ್ಟವರು ಹೇಳಿದ್ರು:
ನೀರು, ಹಾಸಿಗಿ, ಬುತ್ತಿ ನಿಮ್ಮದೇ. ಚೀಲಾನೂ ನಿಮ್ಮದೇ.

ಹೊರಡುವಾಗ ಮುತ್ಯಾ ಕಟ್ಟಿಮ್ಯಾಲ ಕುಂತಿದ್ದ,
ಬ್ಯಾಡರ ಮುದುಕ, ಕೇಳದಿದ್ರೂ ಹೇಳ್ತಾನ:
"ದ್ಯಾಮಿ, ಬಣ್ಣ ನೋಡಿ ಮರುಳಾಗಬ್ಯಾಡ.
ಕಿವಿ ಹಚ್ಚಿ ಕೇಳು ಚೀಲ ಏನಂತದ.
ಸಪ್ಪಳ ಮಾಡೂ ಚೀಲ
ನಿನಗಿಂತ ಮೊದಲ ಗುಡ್ಡ ಮುಟ್ತದ."

ತಾನು ಹೊತ್ತದ್ದು ಪುಂಡಿನಾರಿನ ಜಾಳಗಿ,
ಹೆಗಲಿಗೊಂದು ಪಟ್ಟಿ, ನಡುವಿಗೊಂದು.
ಅದರಾಗ ಎಷ್ಟು ಮೊಲ, ಎಷ್ಟು ಕೌಜಗ ಬಂದಾವೋ
ಲೆಕ್ಕ ಕೇಳಿದ್ರ ಕೆಮ್ಮತಾನ.
ಈಗ ಬ್ಯಾಟಿ ಅಂದ್ರ ಜೇಲು, ಅವನಿಗೂ ಗೊತ್ತದ;
ಬಲೆ ಅಟ್ಟದ ಮ್ಯಾಲ ಇಲಿಗಳ ಪಾಲು.

ಗಾಂಧಿ ಚೌಕದ ಒಳಗಲ್ಲ್ಯಾಗ ಗೌಸ್‌ಮಿಯಾನ ಅಂಗಡಿ.
ಮ್ಯಾಲ ಶಾಲಿ ಚೀಲ, ಗೊಂಬಿ ಚಿತ್ರದ್ದು,
ಕೆಳಗ ದುಬೈ ಪೆಟಿಗಿ, ಗಾಲಿಯದ್ದು.
ನೀಲಿದೊಂದು ತೋರಿಸ್ದ, ಮೂರು ಸಾವಿರದ್ದು,
ನವಿಲಿನಂಗ ಮಿಂಚತಿತ್ತು.
ಉಗುರಿಲೆ ಕೆರೆದೆ: ಚರ್ ಚರ್,
ಚಿಪ್ಸಿನ ಪಾಕೀಟಿನಂಗ.
ಇನ್ನೊಂದಕ್ಕ ಅಂಟುಪಟ್ಟಿ, ಬಿಚ್ಚಿದ್ರ
ಅರಿಬಿ ಹರಿದಂಗ ಒದರ್ತಿತ್ತು.
ಮತ್ತೊಂದಕ್ಕ ಹನ್ನೊಂದು ಕಿಸೆ.
"ಕತ್ತಲ್ಯಾಗ ಇದರೊಳಗ ಬ್ಯಾಟರಿ ಹುಡುಕೂದ್ರಾಗ
ಬೆಳಕು ಹರೀತದ" ಅಂದೆ. ನಕ್ಕ.
"ಶಾಲಿಗಿ ಅಲ್ಲೇನ್ ಬೇಟಾ?"
"ಅಲ್ರಿ ಚಾಚಾ, ತ್ವಾಳದ ಹಿಂದ."

ಆವಾಗ ಒಳಗ ಹೋಗಿ, ಧೂಳು ಝಾಡಿಸ್ತಾ
ಒಂದು ತಂದ. ಮಿಲಿಟ್ರಿ ಕ್ಯಾನ್ವಾಸು, ಹಳೇದು.
ಇದ್ದ ಬಣ್ಣ ತೊಳದು ಹೋಗಿ
ನಮ್ಮ ಗುಡ್ಡದ ಬಂಡೆಗಲ್ಲಿನ ಬಣ್ಣ ಉಳಿದಿತ್ತು.
ಬುಡ ಹರಿದಿತ್ತು. ಎಂಟುನೂರು.
ಕೆರೆದೆ.
ಏನೂ ಅನ್ನಲಿಲ್ಲ ಅದು.

"ಹೊತ್ತು ನೋಡದ ಕೊಡೂದಿಲ್ಲ" ಅಂತ ಅವನೇ
ಬಾಜೂ ಕಿರಾಣಿಯಿಂದ ಹತ್ತು ಕಿಲೋ ಜ್ವಾಳ ತರಿಸಿ ಸುರುವಿದ.
"ಕಿಲ್ಲಾ ಹತ್ತಿ ಇಳಿದು ಬಾ.
ಕಾಳು ಎಣಿಸಿ ಇಟ್ಟೀನಿ, ಹಾಂ!"

ಮಟಮಟ ಮಧ್ಯಾಹ್ನ ಯಾದಗಿರಿ ಕೋಟೆ ಹತ್ತಿದೆ.
ಮೊದಲ ಬಾಗಿಲಿಗೆ ಹೆಗಲು ಉರೀತು.
ಎರಡನೇದಕ್ಕ ಪಟ್ಟಿ ಕುತ್ತಿಗಿ ಕಡೀತು.
ಆಮ್ಯಾಲ ಮುತ್ಯಾನ ಜಾಳಗಿ ನೆನಪಾಗಿ
ಓಢಣಿ ಬಿಚ್ಚಿ, ಚೀಲ ಸುತ್ತಿ, ನಡುವಿಗೆ ಬಿಗಿದೆ:
ಭಾರ ಒಮ್ಮೆಲೆ ಸೊಂಟಕ್ಕ ಇಳೀತು,
ಅಳೂ ಕೂಸು ಬಗಲಾಗ ಸುಮ್ಮನಾದಂಗ.
ಮ್ಯಾಲ ನಿಂತು ಊರು ನೋಡಲಿಲ್ಲ. ಉಸಿರಿರಲಿಲ್ಲ.

"ನಡಪಟ್ಟಿ ಹಚ್ಚಿಕೊಡ್ರಿ" ಅಂದೆ ಇಳಿದು.
ಜೀಪಿನ ಹಳೇ ಸೀಟ್‌ಬೆಲ್ಟಿಗೆ ಕೌದಿ ತುಂಡು ಕೂಡಿಸಿ
ಮೂರು ಸಲ ಹೊಲಿಗಿ ಹೊಡೆದ. ಬುಡಕ್ಕ ತೇಪಿ.
ಇನ್ನೂರು. ಒಟ್ಟು ಸಾವಿರ.
ಉಳಿದದ್ದರಾಗ ಎರಡು ಜೋಡಿ ಸಾಕ್ಸು,
ಒಂದು ಬ್ಯಾಟರಿ, ಮುತ್ಯಾಗ ತಂಬಾಕ.

ರಾತ್ರಿ ಮುತ್ಯಾ ಚೀಲ ತಡವಿ ನೋಡಿದ,
ಸಂತ್ಯಾಗ ಎಮ್ಮಿ ಕೆಚ್ಚಲ ತಡವಿದಂಗ.
ನಾನು ತುಂಬಿದ್ದೆಲ್ಲ ಒಂದೊಂದೇ ಹೊರಗ ತೆಗೆದ:
ಕನ್ನಡಿ. ಎರಡನೇ ಚಾದರ. ಉಪ್ಪಿನಕಾಯಿ ಬಾಟ್ಲಿ.
ಶೇಂಗಾ ಮಾತ್ರ ಒಳಗ ಬಿಟ್ಟ.
"ಹೋಗುವಾಗ ಅರ್ಧ ಖಾಲಿ ಇರಬೇಕು.
ಗುಡ್ಡ ಏನರ ಕೊಡ್ತದ."

ಆ ಅರ್ಧದಾಗ ನಾನು ಹೊತ್ತು ತಂದದ್ದು
ನಲವತ್ತೆರಡು ಕಾಗದದ ಲಕೋಟಿ,
ಮ್ಯಾಲ ತಾರೀಖು, ಜಾಗ,
ಒಳಗ ಒಣಗಿದ ಹೇಲು.

"ಇದಕ್ಕ ರೊಕ್ಕ ಕೊಡ್ತಾರ?" ಅಂದ ಮುತ್ಯಾ.
ಅಂದ್ರೂ, ಕಣ್ಣು ಮಂಜಾದವ,
ಒಂದೊಂದೇ ಮೂಗಿಗೆ ಹಿಡಿದ.
"ಇದು ನರಿ. ಇದು ಊರನಾಯಿ, ಒಗಿ ಆಚೆ.
ಇದು..."
ನಿಂತ. ಭಾಳ ಹೊತ್ತು.
"ಹೆಣ್ಣು ತ್ವಾಳ. ಮೊಲ ತಿಂದದ."

ಲಕೋಟಿ ಮಡಿಚಿ ತಾನೇ ಚೀಲದಾಗ ಇಟ್ಟ,
ಎಲ್ಲಾದ್ಕಿಂತ ಮ್ಯಾಲ.
ಅವ್ವ ರೊಟ್ಟಿಗೆ ಕರದ್ಲು, ಎರಡು ಸಲ.
ಕೈ ತೊಳಿಲಾಕ ಏಳಲಿಲ್ಲ.