ತೋಳಿಗಂಟಿ ಬಂದದ್ದು

ತಾರ್ತು ಊರಲ್ಲಿ ಜನವರಿ. ನಾಲ್ಕಕ್ಕೇ ಕತ್ತಲು.
ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಹೆಲ್ವೆಗೆ
ದಿನವಿಡೀ ಕತ್ತರಿ ಕೆಲಸ:
ಒಂದೇ ಒಂದು ಜೀವಕೋಶದ ಫೋಟೋ,
ಅದರಲ್ಲಿ ಚೆಲ್ಲಾಪಿಲ್ಲಿ ನಲವತ್ತಾರು ತುಂಡು ನೂಲು.
ಒಂದೊಂದನ್ನೇ ಅಂಚು ಹಿಡಿದು ಕತ್ತರಿಸಿ
ಉದ್ದಕ್ಕೆ ಉದ್ದ, ಸೊಂಟಕ್ಕೆ ಸೊಂಟ ತಾಳೆ ನೋಡಿ
ಜೋಡಿ ಕೂರಿಸಬೇಕು, ಗೋಂದು ಸವರಬೇಕು.
ಕೆಮ್ಮುವಂತಿಲ್ಲ. ಕಿಟಕಿ ತೆರೆಯುವಂತಿಲ್ಲ.

ಮೊದಲನೆಯದು ಎಲ್ಲಕ್ಕಿಂತ ಉದ್ದ,
ಆಮೇಲೆ ಇಳಿಯುತ್ತ ಇಳಿಯುತ್ತ
ಇಪ್ಪತ್ತೊಂದು ಮಾತ್ರ ಇಪ್ಪತ್ತೆರಡಕ್ಕಿಂತ ಗಿಡ್ಡ.
ಯಾರೋ ಮೊದಲು ಅಳೆದವರು ತಪ್ಪಿದ್ದು, ಹಾಗೇ ಉಳಿಯಿತು.
ಕೊನೆಯ ಜೋಡಿಗೆ ಹಾಳೆಯ ಮೂಲೆಯಲ್ಲಿ ಬೇರೆ ಮಣೆ;
ಎಲ್ಲರೂ ಬಗ್ಗಿ ನೋಡುವುದು ಅಲ್ಲಿಗೇ.
ಮಿಕ್ಕ ಇಪ್ಪತ್ತೆರಡು ಜೋಡಿಗೆ
ಸಾಲು ಪಂಕ್ತಿ, ಎಲ್ಲಕ್ಕೂ ಸೇರಿ ಒಂದೇ ಹೆಸರು:
ಆಟೋಸೋಮು.

ಆ ಸಂಜೆ ಎಂಡೆಲ್, ಕಪ್ಪು ರೊಟ್ಟಿ ಕೊಯ್ಯುತ್ತಿದ್ದವನು,
ಹೆಂಡತಿಯ ಉಣ್ಣೆತೋಳಿನಿಂದ ಏನೋ ಹೆಕ್ಕಿದ.
ಗಡಿಯಾರ ರಿಪೇರಿಯವನು. ಕಣ್ಣಿಗೆ ಬಿಲ್ಲೆ ಸಿಕ್ಕಿಸಿ
ದೀಪದ ಬುಡಕ್ಕೆ ಹಿಡಿದ.
"ಮುರಿದ ಸ್ಪ್ರಿಂಗಿನ ಹಾಗಿದೆ."
"ಅಯ್ಯೋ, ಜೋಪಾನ! ಅದು ಯಾರದೋ ಹದಿನೇಳು."
"ಯಾರದೋ ಅಂದರೆ? ಗಂಡಸೋ ಹೆಂಗಸೋ?"
"ಅದನ್ನು ಕೇಳಿ ಉಪಯೋಗವಿಲ್ಲ. ಅದರ ಕೆಲಸ ಅದಲ್ಲ."
"ಮತ್ತೇನು ಕೆಲಸ?"
"ಮಿಕ್ಕಿದ್ದೆಲ್ಲ."

ಚಾಕು ಕೆಳಗಿಟ್ಟ.
ಮಿಕ್ಕಿದ್ದೆಲ್ಲ ಅಂದರೆ ಎಷ್ಟು, ಅವನು ಕೇಳಲಿಲ್ಲ,
ಅವಳು ಎಣಿಸಲೂ ಇಲ್ಲ.
ಎಲೆ ಉದುರುವ ತಿಂಗಳಲ್ಲಿ, ಹನ್ನೊಂದನೇ ವಾರಕ್ಕೇ
ಕೈಬಿಟ್ಟು ಹೋದದ್ದರ ಬಗ್ಗೆ ಅವನ ತಾಯಿ
ಬಾಗಿಲಲ್ಲೇ ನಿಂತು ಕೇಳಿದ್ದು ಅದೊಂದೇ: ಏನಾಗಿತ್ತು?
ಅವನೂ ಒಳಗೊಳಗೇ ಕೇಳಿಕೊಂಡಿದ್ದ,
ಅದೊಂದನ್ನೇ.

ಚಿಕ್ಕ ಚಕ್ರಗಳನ್ನಿಡುವ ಕಾಗದದ ಪೊಟ್ಟಣಕ್ಕೆ
ಆ ಚೂರನ್ನು ಚಿಮಟದಲ್ಲಿ ಇಳಿಸಿದ.
ಮೇಲೆ ಪೆನ್ಸಿಲಿನಲ್ಲಿ ೧೭ ಎಂದು ಬರೆದ.
ರಾತ್ರಿ ಪೊಟ್ಟಣವಿದ್ದದ್ದು ಅವನ ದಿಂಬಿನ ಪಕ್ಕದ ಸ್ಟೂಲಿನ ಮೇಲೆ;
ಅವಳು ನೋಡಿ, ನೋಡದಂತೆ ಮಗ್ಗುಲಾದಳು.

ಬೆಳಿಗ್ಗೆ ಮೂರನೇ ಹಾಳೆಯಲ್ಲಿ ಒಂಟಿ ಕೂತಿತ್ತು ಅದರ ಜೋಡಿ.
ಪಕ್ಕಕ್ಕೆ ಗೋಂದು ಸವರಿ ಅಂಟಿಸಿದಳು.
ಅಡಿಯಲ್ಲಿ ರೊಟ್ಟಿಯ ಪುಡಿಯೊಂದು ಸಿಕ್ಕಿಕೊಂಡಿತು,
ತೆಗೆಯಲು ಹೋದರೆ ಕಾಗದ ಹರಿದೀತು.
ಈಗಲೂ ಆ ಫೈಲಿನಲ್ಲಿ
ಆ ಒಂದು ಮಾತ್ರ ಒಂದಿಷ್ಟು ಉಬ್ಬು,
ಬೆರಳಾಡಿಸಿದರೆ ಗೊತ್ತಾಗುತ್ತದೆ.