ಲಕೋಟೆ ನಲವತ್ತೊಂದು

ಮಂಡ್ಯದ ದೊಡ್ಡಾಸ್ಪತ್ರೆ, ರಾತ್ರಿ ಎರಡೂಕಾಲು.
ಕಾರ್ಖಾನೆ ಕಡೆಯ ಕಾಕಂಬಿ ವಾಸನೆ
ಮುಚ್ಚಿದ ಕಿಟಕಿಯನ್ನೂ ದಾಟಿ ಒಳಬಂದಿದೆ.
ತೊಟ್ಟಿಲಲ್ಲ, ವಾರ್ಮರು. ಹೆಸರೂ ಇಲ್ಲ ಇನ್ನೂ,
'ಜಯಶೀಲಳ ಶಿಶು', ಒಂಬೈನೂರ ನಲವತ್ತು ಗ್ರಾಂ,
ಪಕ್ಕೆ ಒಳಗೆಳೆದು ಒಳಗೆಳೆದು
ಉಸಿರಿಗೊಮ್ಮೆ ನರಳುವ ಒಂದು ಹಿಡಿ.

ಲಕೋಟೆ ಒಡೆಯುವುದು ನನ್ನ ಕೆಲಸ.
ಕಣ್ಣೋ, ಪರದೆಯೋ,
ನಾವು ಆರಿಸುವಂತಿಲ್ಲ, ಚೀಟಿ ಹೇಳಬೇಕು.

ನಲವತ್ತರ ಚೀಟಿ 'ಕಣ್ಣು' ಎಂದಿತ್ತು.
ಡಾಕ್ಟರ್ ಕಾತ್ಯಾಯಿನಿ ಕನ್ನಡಕ ಹಣೆಗೇರಿಸಿ
ಒಂದು ಕಣ್ಣು ಮುಚ್ಚಿ ಬಗ್ಗಿದ್ದರು,
ತಾವೂ ಉಸಿರು ಹಿಡಿದು.
ಕಂಡಿತು ಅಂದರು. ಕಂಡಿರಬೇಕು.
ಹನ್ನೊಂದು ವರ್ಷ ಅವರ ಎಡಕ್ಕೆ ನಿಂತು
ನಾನು ನೋಡಿದ್ದು ಅವರ ಕಿವಿಯೋಲೆ,
ಮಾನಿಟರಿನಲ್ಲಿ ಇಳಿಯುವ ಅಂಕಿ.

ನನ್ನಪ್ಪ ನೀರುಗಂಟಿ.
ಸರದಿಯ ರಾತ್ರಿ ತೂಬಿನ ಬಾಯಿಗೆ ಟಾರ್ಚು ಹಿಡಿದು
ಮಂಡಿಯೂರಿ ಇಣುಕುತ್ತಿದ್ದ.
'ಏನಪ್ಪ ಕಾಣ್ತದೆ?'
'ದಾರಿ ಅದೆ, ಸುಮ್ಕಿರು.'
ನನಗೆ ಕಂಡದ್ದು ಅವನ ಬೆನ್ನು.

ಈ ಹೊತ್ತಿನ ಚೀಟಿ: ಪರದೆ.
ಕಾತ್ಯಾಯಿನಿಯವರಿಗೆ ಒಗ್ಗದು. 'ಕೈ ಇಲ್ಲಿ, ನೋಟ ಅಲ್ಲಿ,
ಕನ್ನಡಿ ನೋಡಿಕೊಂಡು ಮುಳ್ಳು ತೆಗೆದ ಹಾಗೆ' ಎಂದು ಗೊಣಗುತ್ತಲೇ
ಬೆರಳುದ್ದವಿಲ್ಲದ ಅಲಗನ್ನು ನಾಲಗೆಯ ಮೇಲೆ ಜಾರಿಸಿದರು.
ಬರೀ ಕೆಂಪು. ಜೊಲ್ಲು. ಮಬ್ಬು ಗಾಜು.
ಹೊರಗೆ ತೆಗೆದು, ಒರೆಸಿ, ಮತ್ತೆ.
(ಎದೆಬಡಿತ ನೂರಕ್ಕಿಳಿದು ಏರಿತು. ಬರೆದುಕೊಂಡೆ.)

ಆಮೇಲೆ
ಬಿಳಿ ಎಳೆ ಎರಡು,
ನೆನೆಸಿದ ಅವಲಕ್ಕಿಯ ಅಂಚಿನಷ್ಟು ತೆಳು,
ಕೂಡಿದವು, ಬಿಟ್ಟವು,
ಇನ್ನೊಮ್ಮೆ ಬಿಟ್ಟವು.
ಆಯಾ ಪುಟ್ಟತಾಯಿ ನೋಡಿದಳು,
ನಿನ್ನೆ ತಾನೇ ಸೇರಿದ ಹುಡುಗ ಡಾಕ್ಟರು ನೋಡಿದ,
ಎಲ್ಲರೂ ಒಟ್ಟಿಗೆ 'ಅಗೋ' ಅಂದೆವು
ತಡವಾಗಿ ಬಂದ ನಾಲೆ ನೀರಿಗೆ ಅಂದಂತೆ.
ಎಳೆಗಳ ನಡುವೆ ಸಣ್ಣ ನಳಿಗೆ ತೂರಿತು;
ಯಾವುದೋ ಹಸುವಿನ ಶ್ವಾಸಕೋಶದಿಂದ ತೆಗೆದ ಬಿಳಿ ಔಷಧಿ
ಹಾಲಿಗಿಂತ ಮೊದಲ ಹಾಲಾಗಿ
ನಿಧಾನ, ನಾಲ್ಕು ಮಿಲಿ, ಇಳಿಯಿತು.

ಫಾರಂ ತುಂಬಿದೆ. ಪ್ರಯತ್ನ: ಎರಡು. ಐವತ್ತೆರಡು ಸೆಕೆಂಡು.
ನಲವತ್ತರದ್ದು ಒಂದೇ ಪ್ರಯತ್ನ, ಇಪ್ಪತ್ತಾರು.
'ಹಾಗಾದ್ರೆ ಕಣ್ಣೇ ಮೇಲಾ ಮೇಡಂ?'
'ಎರಡು ಮಗು ನೋಡಿ ಹೇಳಕ್ಕಾಗುತ್ತಾ? ಇನ್ನೂ ನೂರು ಲಕೋಟೆ ಇದೆ'
ಎಂದು ಕೈ ತೊಳೆಯಲು ಹೋದರು.
ನಾನೂ ನೋಡಿದೆ ಎಂದು ಬರೆಯಲು
ಫಾರಂನಲ್ಲಿ ಜಾಗ ಹುಡುಕಿದೆ, ಇರಲಿಲ್ಲ.

ಬೆಳಗ್ಗೆ ಜಯಶೀಲ ಗಾಲಿಕುರ್ಚಿಯಲ್ಲಿ ಬಂದಳು.
ಗಾಜಿಗೆ ಹಣೆ ತಾಗಿಸಿ ಬಹಳ ಹೊತ್ತು ಕೂತು,
'ಅಕ್ಕ, ಒಂದ್ಸಲಾನೂ ಜೋರಾಗಿ ಅತ್ತಿಲ್ವಂತೆ ನನ್ ಕೂಸು.
ದನಿ ಅದಾ ಅದ್ಕೆ?'

'ಅದೆ ಕಣವ್ವ.
ಕಣ್ಣಾರೆ ನೋಡಿವ್ನಿ.'