ಅಂತ

ಹೆಬ್ಡೆನ್ ಬ್ರಿಜ್. ಕಾಲುವೆ ದಂಡೆಯ ಹಳೆಯ ನೂಲಿನ ಗಿರಣಿ,
ಮೂರನೇ ಮಹಡಿ. ಹೀಟರ್ ಕೆಮ್ಮುತ್ತದೆ.
ನಾವು ನಾಲ್ವರು ಯಂತ್ರಕ್ಕೆಂದು ಒಂದು ಭಾಷೆ ಕಟ್ಟುತ್ತಿದ್ದೇವೆ.
ಒಂಬತ್ತು ತಿಂಗಳಲ್ಲಿ ಅದರ ತರ್ಕ ಮುಗಿಯಿತು, ಟೈಪು ಮುಗಿಯಿತು,
ಉಳಿದದ್ದು ಇಷ್ಟೇ:
ಒಂದು ಕಟ್ಟು ಎಲ್ಲಿ ಶುರು, ಎಲ್ಲಿ ಮುಕ್ತಾಯ,
ಯಾವುದರಿಂದ ತೋರಿಸುವುದು?

ಇದಕ್ಕೇ ಮೂರು ವಾರ ಹೋಯಿತು.

ಟಿಬೋರನಿಗೆ ಪುಷ್ಪಾವರಣ ಬೇಕು.
ಅವನ ಅಜ್ಜ ಬುಡಾಪೆಸ್ಟಿನಲ್ಲಿ ಬೀಗ ಮಾಡುತ್ತಿದ್ದನಂತೆ,
ಚಿಲಕ ಕಾಣದ ಬಾಗಿಲನ್ನು ಇವನು ನಂಬುವುದಿಲ್ಲ.
ಏಳನೇ ಕ್ಲಾಸಿನ ಲೆಕ್ಕದ ಮೇಷ್ಟ್ರು ಹೇಳಿಕೊಟ್ಟ ಆ ಹೆಸರಿನ ಅರ್ಥ ಬಿಡಿಸಿದೆ;
ಆ ಬಾಗಿದ ಮೀಸೆಯಲ್ಲಿ ಹೂವು ಹುಡುಕುತ್ತ
ಇಡೀ ಮಧ್ಯಾಹ್ನ ಕಳೆದ.
ಅವನ ಪುಟದ ಬುಡ ಮಾತ್ರ ನೋಡಬೇಕು:
} } } } }
ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ.

ಈನಿಡ್ ಸಟ್‌ಕ್ಲಿಫ್ ಈ ಕಣಿವೆಯವಳೇ.
ಜಾಗ ಬಿಟ್ಟರೆ ಸಾಕಲ್ಲ, ಅನ್ನುತ್ತಾಳೆ,
ಒಳಗಿನದು ನಾಲ್ಕು ಹೆಜ್ಜೆ ಒಳಗೆ, ಹೊರಗಿನದು ಹೊರಗೆ,
ಕಣ್ಣಿದ್ದವರಿಗೆ ಮತ್ತೇನು ಬೇಕು?
ಕಿಟಕಿಯಾಚೆ ಗುಡ್ಡ ತೋರಿಸುತ್ತಾಳೆ: ಗಾರೆಯಿಲ್ಲದ ಕಲ್ಲುಗೋಡೆಗಳು,
ತಮ್ಮ ತಮ್ಮ ಭಾರಕ್ಕೇ ನಿಂತವು,
ಬುಡದಲ್ಲಿ ಮೊಲ ನುಸುಳುವಷ್ಟು ಕಿಂಡಿ.
ನಮ್ಮ ಫಂಕ್ಷನ್ನಿಗೂ ಅಂಥದೊಂದು ಕಿಂಡಿಯಿದೆ.
ಹೊರಗಿನ ಹೆಸರು ಒಳಗೆ ಬರಬಹುದು,
ಒಳಗೆ ಹುಟ್ಟಿದ್ದು ಹೊರಗೆ ಹೋಗುವಂತಿಲ್ಲ.
ನನಗೆ ಹಿಡಿಸಿತು. ಕೈ ಎತ್ತುವುದರಲ್ಲಿದ್ದೆ.

"ಕಣ್ಣಿದ್ದವರಿಗೆ," ಅಂದಳು ಹೆಸ್ಟರ್, ಮೆಲ್ಲಗೆ.
ಅವಳ ಮುಂದೆ ಪರದೆಯಿಲ್ಲ; ನಲವತ್ತು ಮನೆಯ ಒಂದು ಬ್ರೈಲ್ ಪಟ್ಟಿ.
ನನ್ನ ಬೆರಳು ಹಿಡಿದು ಅದರ ಮೇಲಿಟ್ಟಳು.
ಏನೂ ಇಲ್ಲ. ಏನೂ ಇಲ್ಲ. ಏನೂ ಇಲ್ಲ.
"ಎಷ್ಟಾಯಿತು?"
ನಾನು ಎಣಿಸಿರಲಿಲ್ಲ.
"ಹನ್ನೆರಡು. ಈಗ ನೀನು ಮೂರು ಕಟ್ಟಿನ ಒಳಗಿದ್ದೀ.
ನಲವತ್ತರಲ್ಲಿ ಹನ್ನೆರಡನ್ನು ಖಾಲಿಗೆ ಕೊಟ್ಟು
ಉಳಿದದ್ದರಲ್ಲಿ ನಾನು ಸಂಸಾರ ಮಾಡಬೇಕು."
ಈನಿಡ್ ಕಿಟಕಿಯಿಂದ ಕಣ್ಣು ತೆಗೆದಳು.

ಆಗ ನಾನು ಬಾಯಿ ಬಿಟ್ಟೆ. ಬಿಡಬಾರದಿತ್ತೇನೋ.
ನಮ್ಮ ಮಾತಿನಲ್ಲಿ ಶುರುವಿಗೆ ಗುರುತೇ ಇಲ್ಲ, ಅಂದೆ.
ಮಳೆ ಬರುತ್ತೆ ಅಂತ ಅವಳು ಹೇಳಿದಳು:
ತೆರೆಯಲು ಏನೂ ಬೇಡ, ಮುಚ್ಚಲು ಒಂದು ಪದ.
ಅಂತ ಅಂದರೆ ಹಾಗೆಂದು; ಅಂತ ಅಂದರೆ ಕೊನೆ ಕೂಡ.
ಕಲ್ಲಿನ ಶಾಸನದಲ್ಲಿ ಪದ ಪದದ ನಡುವೆ ಉಸಿರಿಗೂ ಜಾಗವಿರಲಿಲ್ಲ,
ಕ್ರಿಯಾಪದ ಬಂತೋ, ವಾಕ್ಯ ಕೂತಿತು.
ಬೋರ್ಡಿನ ಮೇಲೆ ಬರೆದೂ ತೋರಿಸಿದೆ, ಸ್ವಲ್ಪ ಜಂಬದಲ್ಲೇ.

ಟಿಬೋರ್ ಚಹಾದ ಮಗ್ಗು ಕೆಳಗಿಟ್ಟ.
"ಆ ಪದ ಬರುವ ತನಕ
ಮಳೆ ಬರುತ್ತೆ ಅಂದದ್ದು ಯಾರು? ನೀನೇ ತಾನೆ?"

ಹೌದು.
ಅಮ್ಮನ ಸಿಟ್ಟನ್ನು ತಂಗಿಗೆ ದಾಟಿಸಲು ಹೋಗಿ
ಒಮ್ಮೆ, ನಾನು ಅಂತ ಅನ್ನುವ ಮೊದಲೇ
ಅವಳು ಫೋನು ಇಟ್ಟಳು.
ಆರು ವರ್ಷವಾಯಿತು.
ಆ ಮಾತು ಇನ್ನೂ ನನ್ನ ಲೆಕ್ಕದಲ್ಲೇ ಇದೆ, ತೆರೆದು.

ಬೋರ್ಡು ಒರೆಸಿದೆ.

ಕೊನೆಗೆ ಹೀಗಾಯಿತು: ಶುರುವಿಗೊಂದು ಪದ, ಮುಗಿಯಲೊಂದು ಪದ,
ನಡುವೆ ಬಿಡುವ ಜಾಗ ಅವರವರ ಇಷ್ಟ.
ಹೊಸದೇನಲ್ಲ, ನಾವು ಹುಟ್ಟುವ ಮೊದಲೇ ಯಾರೋ ಸವೆಸಿಟ್ಟ ದಾರಿ.
ಮೂರು ಕೈ ಮೇಲೆ, ಒಂದು ಕೈ ಮಡಿಲಲ್ಲಿ.

ಈನಿಡ್ ಈಗಲೂ ನಾಲ್ಕು ನಾಲ್ಕು ಬಿಟ್ಟೇ ಬರೆಯುತ್ತಾಳೆ.
ಆಮೇಲೆ, ಹೆಸ್ಟರಿಗೆ ಕಳಿಸುವ ಮುನ್ನ,
ಕೂತು ಒಂದೊಂದೇ ಅಳಿಸುತ್ತಾಳೆ, ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ.
ಅದಕ್ಕೊಂದು ಸಲಕರಣೆ ಇದೆ, ಒಂದೇ ಗುಂಡಿ, ಹಾಕಿಕೊಡಲಾ ಅಂದರೆ
ಬೇಡ ಅಂತಾಳೆ.